ಸಾಲ ತೀರದೆ ತಮ್ಮನ ಮನಸ್ಸು ಹೇಗೆ ಸರಿಹೋಗುತ್ತದೆ?

ಪ್ರಶ್ನೆ: ನಾನು ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿ. ಮೂರು ಎಕರೆ ಜಮೀನು, ಟೊಮೆಟೊ ಬೆಳೆ. ಎರಡು ವರ್ಷಗಳಲ್ಲಿ ಒಂದು ಬೋರ್‌ವೆಲ್ ಬತ್ತಿತು, ಎರಡು ಬೆಳೆಗೆ ದರ ಸಿಗಲಿಲ್ಲ. ಅಪ್ಪನ ಮೇಲೆ ಕೈಸಾಲವಿದೆ, ಅಮ್ಮನ ಹೆಸರಿನಲ್ಲಿ ಎರಡು ಸಂಘದ ಸಾಲಗಳಿವೆ, ವಾರ ವಾರ ಕಂತು ಕಟ್ಟಬೇಕು. ತಮ್ಮ ಕೋಲಾರದ ಖಾಸಗಿ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಕಾಂ. ಓದುತ್ತಿದ್ದಾನೆ, ಪಿಯುಸಿಯಲ್ಲಿ ಶೇ 88 ತೆಗೆದಿದ್ದ. ಈಗ ಮೂರು ತಿಂಗಳಿಂದ ವಾರಕ್ಕೆ ಎರಡು ದಿನ ಕಾಲೇಜಿಗೆ ಹೋದರೆ ಹೆಚ್ಚು. ರಾತ್ರಿ ನಿದ್ದೆ ಮಾಡುವುದಿಲ್ಲ, ಹಗಲು ಏಳುವುದಿಲ್ಲ, ಯಾವಾಗಲೂ ತಲೆನೋವು ಎನ್ನುತ್ತಾನೆ. ಒಮ್ಮೆ ಅಮ್ಮನ ಹತ್ತಿರ, ‘ನಾನಿಲ್ಲದಿದ್ದರೆ ಮನೆಗೆ ಒಂದು ಖರ್ಚು ಕಡಿಮೆ’ ಎಂದನಂತೆ. ಅವನ ಲೆಕ್ಚರರ್ ಆಪ್ತಸಮಾಲೋಚನೆಗೆ ಕರೆದುಕೊಂಡು ಹೋಗಿ ಎಂದರು. ಅಪ್ಪ ಮಾತ್ರ, ‘ನಮ್ಮ ಹುಡುಗನಿಗೇನು ಹುಚ್ಚೇ? ಸಾಲ ತೀರಿದರೆ ಎಲ್ಲ ಸರಿಹೋಗುತ್ತೆ’ ಎನ್ನುತ್ತಾರೆ. ನಿಜ ಹೇಳಬೇಕೆಂದರೆ ನನಗೂ ಹಾಗೆಯೇ ಅನ್ನಿಸುತ್ತದೆ. ದುಡ್ಡಿನ ಕಷ್ಟಕ್ಕೆ ಮಾತು ಹೇಗೆ ಮದ್ದಾಗುತ್ತದೆ? ಆಸ್ಪತ್ರೆಗೆ ಹೋದರೆ ದಾಖಲೆಯಾಗಿ ಮುಂದೆ ಸರ್ಕಾರಿ ಕೆಲಸಕ್ಕೆ ಅಡ್ಡಿಯಾಗುವುದೇ? ಒಂದು ವರ್ಷ ಕಾಲೇಜು ಬಿಡಿಸಿ ನಮ್ಮ ಕಾರ್ಖಾನೆಗೇ ಸೇರಿಸಿದರೆ ಹೇಗೆ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಿಗೂ ಉತ್ತರಿಸುತ್ತೇನೆ. ಅದಕ್ಕೂ ಮೊದಲು, ನಿಮ್ಮ ತಮ್ಮ ಅಮ್ಮನ ಹತ್ತಿರ ಆಡಿದ ಆ ಒಂದು ಮಾತಿನ ಬಗ್ಗೆ ಹೇಳಬೇಕು, ಏಕೆಂದರೆ ಉಳಿದದ್ದೆಲ್ಲ ಒಂದು ವಾರ ಕಾಯಬಹುದು, ಅದು ಕಾಯುವಂಥದ್ದಲ್ಲ.

‘ನಾನಿಲ್ಲದಿದ್ದರೆ ಒಂದು ಖರ್ಚು ಕಡಿಮೆ’ ಎನ್ನುವ ಮಾತನ್ನು ಬೇಸರದಲ್ಲಿ ಬಾಯಿಗೆ ಬಂದದ್ದು ಎಂದು ಬಿಟ್ಟುಬಿಡಬೇಡಿ. ಇಂದೇ, ಮನೆಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ, ಅವನ ಪಕ್ಕ ಕುಳಿತು ನೇರವಾಗಿ ಕೇಳಿ: ‘ಸಾಯಬೇಕು ಅನ್ನಿಸ್ತಿದೆಯಾ? ಯಾವಾಗಿಂದ? ಹೇಗೆ ಅಂತಲೂ ಯೋಚಿಸಿದ್ದೀಯಾ?’ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಬಹಳ ಮನೆಗಳಲ್ಲಿದೆ, ಅದಕ್ಕೆ ಆಧಾರವಿಲ್ಲ. ಹಾಗೆ ಕೇಳಿದಾಗ ಹೆಚ್ಚಿನ ಮಕ್ಕಳ ಮುಖದಲ್ಲಿ ನಾನು ಕಂಡಿರುವುದು ಹಗುರವಾದ ಭಾವವನ್ನೇ, ಒಬ್ಬರೇ ಹೊತ್ತಿದ್ದ ಮಾತಿಗೆ ಕೊನೆಗೂ ಇನ್ನೊಬ್ಬರು ಹೆಗಲು ಕೊಟ್ಟರಲ್ಲ ಎಂಬುದನ್ನು. ಹೌದು ಎಂದರೆ ಬೈಯಬೇಡಿ, ಆಣೆ ಹಾಕಿಸಿಕೊಳ್ಳಬೇಡಿ, ಅವನನ್ನು ಒಬ್ಬನೇ ಬಿಡದೆ ಅಂದೇ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇಲ್ಲ ಎಂದರೂ ಒಂದು ಕೆಲಸ ಮಾಡಿ. ಟೊಮೆಟೊ ಬೆಳೆಯುವ ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಡಬ್ಬಿಗಳು ಹಟ್ಟಿಯ ಮೂಲೆಯಲ್ಲೋ ಮಂಚದ ಕೆಳಗೋ ಇದ್ದೇ ಇರುತ್ತವೆ. ಅವನ್ನು ಕೆಲವು ತಿಂಗಳ ಮಟ್ಟಿಗೆ ನೆಂಟರ ಮನೆಗೆ ಸಾಗಿಸಿ, ಇಲ್ಲವೇ ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಬೀಗದ ಕೈಯನ್ನು ಅಮ್ಮನ ಸೊಂಟದಲ್ಲಿಡಿ. ಇಂಥ ಯೋಚನೆ ಅಲೆಯಂತೆ ಏರಿ ಇಳಿಯುತ್ತದೆ. ಏರಿದ ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಂತೆ ಮಾಡಿದರೆ ಅನೇಕ ಜೀವಗಳು ಉಳಿಯುತ್ತವೆ.

ಈಗ ನಿಮ್ಮ ಮೊದಲ ಪ್ರಶ್ನೆ. ಸಮಾಲೋಚನೆಯಿಂದ ಸಾಲ ತೀರುವುದಿಲ್ಲ. ತೀರುತ್ತದೆಂಬಂತೆ ಮಾತನಾಡುವವರನ್ನು ನಂಬಬೇಡಿ. ನಿಮ್ಮ ತಂದೆಯವರ ಮಾತಿನಲ್ಲೂ ಅರ್ಧ ಸತ್ಯವಿದೆ: ಹಣದ ಮುಗ್ಗಟ್ಟು ಮನಸ್ಸನ್ನು ಕೆಡಿಸುತ್ತದೆ, ಕೈಯಲ್ಲಿ ನಾಲ್ಕು ಕಾಸು ಆಡಿದರೆ ಮನೆಯ ಗಾಳಿಯೇ ಬದಲಾಗುತ್ತದೆ. ಅವರ ಮಾತಿನ ಉಳಿದರ್ಧವೇ ಅಪಾಯಕಾರಿ, ಏಕೆಂದರೆ ಸಾಲ ತೀರಲು ಮೂರು ವರ್ಷ ಬೇಕಾಗಬಹುದು. ಅಲ್ಲಿಯವರೆಗೆ ಹತ್ತೊಂಬತ್ತರ ಹುಡುಗನ ನಿದ್ದೆ, ಊಟ, ಓದು, ಸ್ನೇಹ ಎಲ್ಲವೂ ಹಾಗೆಯೇ ಕಾದು ಕುಳಿತಿರುವುದಿಲ್ಲ. ಬಡತನದಿಂದ ಹತ್ತಿಕೊಂಡ ಖಿನ್ನತೆ ಒಂದು ಹಂತ ದಾಟಿದ ಮೇಲೆ ತನ್ನದೇ ಬಲದಲ್ಲಿ ಉರಿಯತೊಡಗುತ್ತದೆ. ಆಗ ಕೈಗೆ ದುಡ್ಡು ಬಂದರೂ ಹುಡುಗ ಹಾಸಿಗೆಯಿಂದ ಏಳುವುದಿಲ್ಲ. ಅಂಥ ಮನೆಗಳನ್ನು ನಾನು ಕಂಡಿದ್ದೇನೆ.

ಹಣದ ಚಿಂತೆ ತಲೆಯೊಳಗೆ ಏನು ಮಾಡುತ್ತದೆ ಎಂಬುದಕ್ಕೆ ನಮ್ಮ ಪಕ್ಕದ ರಾಜ್ಯದಲ್ಲೇ ನಡೆದ ಒಂದು ಅಧ್ಯಯನವಿದೆ. 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸಂಶೋಧಕರು ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಕೊಯ್ಲಿಗೆ ಮೊದಲು, ಅಂದರೆ ಕೈ ಬರಿದಾಗಿದ್ದ ಕಾಲದಲ್ಲಿ ಒಮ್ಮೆ, ಕೊಯ್ಲಿನ ಹಣ ಬಂದ ಮೇಲೆ ಇನ್ನೊಮ್ಮೆ ಗಮನ ಮತ್ತು ತರ್ಕದ ಪರೀಕ್ಷೆಗಳನ್ನು ಕೊಟ್ಟರು. ಅದೇ ರೈತ, ಅದೇ ಮೆದುಳು; ಆದರೆ ಕೊಯ್ಲಿಗೆ ಮೊದಲು ಅವರ ಸಾಧನೆ ಎದ್ದು ಕಾಣುವಷ್ಟು ಕೆಳಗಿತ್ತು. ಹಣದ ಲೆಕ್ಕಾಚಾರ ತಲೆಯ ಜಾಗವನ್ನು ಆಕ್ರಮಿಸಿಕೊಂಡಾಗ ಬೇರೆ ಕೆಲಸಕ್ಕೆ ಉಳಿಯುವ ಜಾಗವೇ ಕಡಿಮೆ. ಶೇ 88 ತೆಗೆದಿದ್ದ ಹುಡುಗನಿಗೆ ಈಗ ಒಂದು ಪುಟ ಓದಿದರೂ ತಲೆಗೆ ಹತ್ತುವುದಿಲ್ಲವೆಂದರೆ ಅದನ್ನು ಸೋಮಾರಿತನ ಎಂದು ಕರೆಯುವುದು ಅನ್ಯಾಯ.

ನಮ್ಮ ಸೀಮೆಯ ಟೊಮೆಟೊ ಮನೆಗಳಲ್ಲಿ ಇದಕ್ಕೆ ಇನ್ನೊಂದು ಪದರವಿದೆ, ಅದನ್ನು ಹೊರಗಿನವರು ಸುಲಭಕ್ಕೆ ಅರ್ಥ ಮಾಡಿಕೊಳ್ಳುವುದಿಲ್ಲ. ತಿಂಗಳಿಗೆ ಇಷ್ಟೇ ಎಂದು ಗೊತ್ತಿರುವ ಬಡತನಕ್ಕೆ ಮನಸ್ಸು ಹೇಗೋ ಹೊಂದಿಕೊಳ್ಳುತ್ತದೆ. ಇಂದು ಏರಿ ನಾಳೆ ಪಾತಾಳಕ್ಕಿಳಿಯುವ ಆದಾಯಕ್ಕೆ ಹೊಂದಿಕೊಳ್ಳುವುದು ಬಹಳ ಕಷ್ಟ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ.ಯ ಬಾಕ್ಸ್ ಒಂದು 2,000 ರೂಪಾಯಿ ದಾಟಿದ್ದನ್ನು ಕಂಡ ಜನರೇ, ಬಿಡಿಸುವ ಕೂಲಿ ಹುಟ್ಟದೆ ಹಣ್ಣನ್ನು ರಸ್ತೆಬದಿಗೆ ಸುರಿದದ್ದನ್ನೂ ಕಂಡಿದ್ದಾರೆ. ಇಂಥ ಮನೆಯ ಮಕ್ಕಳು ಹರಾಜಿನ ದರವನ್ನು ಅಪ್ಪನ ಮುಖದಲ್ಲೇ ಓದಲು ಕಲಿತಿರುತ್ತಾರೆ. ಮಂಡಿಯಿಂದ ಹಿಂತಿರುಗಿದ ಗಾಡಿಯ ಸದ್ದು ಕೇಳಿದೊಡನೆ ಎದೆ ಡವಡವ ಎನ್ನುತ್ತದೆ ಎಂದು ಒಬ್ಬ ಹುಡುಗಿ ನನಗೆ ಹೇಳಿದ್ದಳು; ಕಾಲೇಜಿನಲ್ಲಿ ಕುಳಿತಾಗಲೂ ಹೊರಗೆ ಟೆಂಪೊ ನಿಂತರೆ ಹಾಗೆಯೇ ಆಗುತ್ತಿತ್ತಂತೆ. ದೇಹ ಸದಾ ಕಾವಲು ಕಾಯುತ್ತಿದ್ದರೆ ನಿದ್ದೆ ಬರುವುದಿಲ್ಲ, ತಲೆ ನೋಯುತ್ತದೆ, ಹೊಟ್ಟೆ ಕೆಡುತ್ತದೆ. ನಿಮ್ಮ ತಮ್ಮನ ತಲೆನೋವು ನೆಪವಲ್ಲದಿರಬಹುದು.

ಇದರ ಜೊತೆಗೆ ನಾಚಿಕೆ. ನನ್ನ ಅನುಭವದಲ್ಲಿ ವಿದ್ಯಾರ್ಥಿಗಳನ್ನು ಹೆಚ್ಚು ಕುಗ್ಗಿಸುವುದು ಇದೇ, ಕೊರತೆಗಿಂತಲೂ ಆ ಕೊರತೆಯನ್ನು ಮುಚ್ಚಿಡುವ ದುಡಿಮೆ. ಕೆಲವು ವರ್ಷಗಳ ಹಿಂದೆ ನಾನು ಆಪ್ತಸಮಾಲೋಚನೆಗೆಂದು ವಾರಕ್ಕೊಮ್ಮೆ ಹೋಗುತ್ತಿದ್ದ ಒಂದು ಕಾಲೇಜಿನಲ್ಲಿ ಒಬ್ಬ ಹುಡುಗ ಮಧ್ಯಾಹ್ನದ ಬಿಡುವಿನಲ್ಲಿ ತಪ್ಪದೆ ಗ್ರಂಥಾಲಯದಲ್ಲಿರುತ್ತಿದ್ದ. ಓದುವ ಹುಡುಗ ಎಂದು ಎಲ್ಲರೂ ಹೊಗಳುತ್ತಿದ್ದರು. ಅವನ ಮುಂದೆ ತೆರೆದಿರುತ್ತಿದ್ದ ಪುಸ್ತಕದ ಪುಟ ಮಾತ್ರ ಅರ್ಧ ಗಂಟೆಯಾದರೂ ಮಗುಚುತ್ತಿರಲಿಲ್ಲ. ಮೂರನೇ ಭೇಟಿಯಲ್ಲಿ ತಿಳಿಯಿತು: ಅವನ ಬ್ಯಾಗಿನಲ್ಲಿ ಡಬ್ಬಿಯಿತ್ತು, ಡಬ್ಬಿಯೊಳಗೆ ಊಟವಿರಲಿಲ್ಲ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಸ್ ಹಿಡಿಯುವ ಧಾವಂತದಲ್ಲಿ ಅಮ್ಮನಿಗೆ ಅಡುಗೆ ಮಾಡಲು ಆಗುತ್ತಿರಲಿಲ್ಲ, ಕ್ಯಾಂಟೀನಿಗೆ ಕಾಸಿರಲಿಲ್ಲ. ಗೆಳೆಯರು ಬ್ಯಾಗ್ ಎತ್ತಿದರೆ ಹಗುರ ಕಾಣಬಾರದೆಂದು ಖಾಲಿ ಡಬ್ಬಿಗೆ ನೀರು ತುಂಬಿ ತರುತ್ತಿದ್ದ. ಆ ನೀರಿನ ಡಬ್ಬಿಯ ವಿಷಯ ಹೊರಗೆ ಬಂದ ದಿನ ಅವನ ಮನೆಯ ಆದಾಯವೇನೂ ಹೆಚ್ಚಲಿಲ್ಲ. ಆದರೆ ದಿನಕ್ಕೆ ಐದಾರು ಗಂಟೆ ನಟಿಸುವ ಹೊರೆ ಅವನ ತಲೆಯಿಂದ ಇಳಿಯಿತು, ಹಾಸ್ಟೆಲ್‌ಗೆ ಅರ್ಜಿ ಹಾಕುವ ಧೈರ್ಯ ಆಮೇಲೆ ಬಂತು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ದುಡ್ಡಿನ ಕಷ್ಟಕ್ಕೆ ಮಾತು ಹೇಗೆ ಮದ್ದು ಎಂದು ನೀವು ಕೇಳಿದ್ದಕ್ಕೆ ನನ್ನಲ್ಲಿರುವ ಉತ್ತರ ಇದು. ಕಷ್ಟದ ಗಂಟನ್ನೂ ನಾಚಿಕೆಯ ಗಂಟನ್ನೂ ಬೇರೆ ಬೇರೆ ಮಾಡಿದರೆ ಎರಡನೆಯದು ಬೇಗ ಬಿಚ್ಚುತ್ತದೆ, ಅದು ಬಿಚ್ಚಿದ ಮೇಲೆ ಮೊದಲನೆಯದಕ್ಕೆ ಕೈ ಹಾಕುವ ಶಕ್ತಿ ಬರುತ್ತದೆ.

ಹಾಗಾದರೆ ಸಮಾಲೋಚನೆಯ ಕೋಣೆಯೊಳಗೆ ನಡೆಯುವುದೇನು? ಸುಮಾರು 45 ನಿಮಿಷದ ಒಂದು ಭೇಟಿ, ಸಾಮಾನ್ಯವಾಗಿ ವಾರಕ್ಕೊಂದು, ಇಂಥ ತೊಂದರೆಗೆ ಆರರಿಂದ ಹತ್ತು ಭೇಟಿಗಳು. ಮೊದಲೆರಡರಲ್ಲಿ ನಾವು ಕೇಳುವುದೇ ಹೆಚ್ಚು: ಎಷ್ಟು ಹೊತ್ತಿಗೆ ಮಲಗುತ್ತಾನೆ, ಏನು ತಿನ್ನುತ್ತಾನೆ, ಕಾಲೇಜಿಗೆ ಹೋಗದ ದಿನ ಬೆಳಿಗ್ಗೆ ಮನಸ್ಸಿನಲ್ಲಿ ಮೊದಲು ಬರುವ ಮಾತು ಯಾವುದು. ಬಳಿಕ ‘ನಾನೊಂದು ಹೊರೆ’ ಎಂಬಂಥ ಯೋಚನೆಯನ್ನು ಎದುರಿಗಿಟ್ಟುಕೊಂಡು ಅದು ಎಷ್ಟು ನಿಜ, ಎಷ್ಟು ದಣಿದ ಮನಸ್ಸಿನ ಲೆಕ್ಕ ಎಂದು ಜೊತೆಯಾಗಿ ನೋಡುತ್ತೇವೆ. ದಿನಚರಿಯನ್ನು ಒಂದೊಂದೇ ಹೆಜ್ಜೆಯಾಗಿ ಮತ್ತೆ ಕಟ್ಟುತ್ತೇವೆ. ಒಳ್ಳೆಯ ಸಮಾಲೋಚಕರು ಶುಲ್ಕದ ಬಾಕಿ ಎಷ್ಟು, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದೀಯಾ, ಪ್ರಾಂಶುಪಾಲರಿಗೆ ಪತ್ರ ಬರೆಯೋಣವೇ ಎಂದೂ ಕೇಳುತ್ತಾರೆ. ಭಾಷೆಯೂ ಮುಖ್ಯ. ನಿಮ್ಮ ಕಡೆ ಮನೆಯಲ್ಲಿ ತೆಲುಗು, ಕಾಲೇಜಿನಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್. ಅವನು ಅಮ್ಮನ ಜೊತೆ ಜಗಳವಾಡುವ ಭಾಷೆಯಲ್ಲೇ ಮಾತನಾಡಲು ಅವಕಾಶವಿರಲಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ‘ನಿಮ್ಮ ಅಪ್ಪ ಅಮ್ಮ ಎಷ್ಟು ಕಷ್ಟಪಡುತ್ತಿದ್ದಾರೆ ನೋಡು, ಅವರ ಮುಖ ನೋಡಿಯಾದರೂ ಓದು’ ಎಂದು ಮೊದಲ ದಿನವೇ ಬುದ್ಧಿ ಹೇಳಲು ತೊಡಗುವವರು ಸಿಕ್ಕರೆ ಬೇರೆಯವರನ್ನು ಹುಡುಕಿ. ಅಪ್ಪ ಅಮ್ಮನ ಕಷ್ಟ ಕಾಣದ್ದರಿಂದ ಅವನು ಮಲಗಿಲ್ಲ. ಅದೊಂದೇ ಕಾಣುತ್ತಿರುವುದರಿಂದ ಮಲಗಿದ್ದಾನೆ.

ಎಲ್ಲಿಗೆ ಹೋಗಬೇಕು ಎಂಬ ವಿಷಯಕ್ಕೆ ಬರುತ್ತೇನೆ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ವಿಚಾರಿಸಿ; ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರ ಹೊರರೋಗಿ ಸೇವೆ ನಡೆಸುವ ವ್ಯವಸ್ಥೆ 2014ರಿಂದ ಇದೆ. ಶ್ರೀನಿವಾಸಪುರಕ್ಕೆ ಯಾವ ಮಂಗಳವಾರ ಬರುತ್ತಾರೆಂದು ಮೊದಲೇ ಕೇಳಿಕೊಂಡು ಹೋಗಿ, ಅರ್ಧ ದಿನದ ಕೂಲಿ ಕಳೆದುಕೊಂಡು ಸುಮ್ಮನೆ ಹಿಂತಿರುಗುವಂತಾಗಬಾರದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ. ಕನ್ನಡದಲ್ಲೂ ತೆಲುಗಿನಲ್ಲೂ ಮಾತನಾಡಬಹುದು. ಕಾಲೇಜಿನಲ್ಲೂ ಕೇಳಿ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಸಮಾಲೋಚಕರೊಬ್ಬರನ್ನು ನೇಮಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಮಾರ್ಗಸೂಚಿ ನೀಡಿದೆ. ಕೇಳುವವರಿದ್ದರೆ ಮಾತ್ರ ಇಂಥವು ಕಾಗದದಿಂದ ಇಳಿದು ಬರುತ್ತವೆ.

ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಮಂಕು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ನಿದ್ದೆ ಊಟ ಏರುಪೇರಾಗುವುದು, ಸಾವಿನ ಮಾತು, ಇವೆಲ್ಲ ಒಟ್ಟಿಗೆ ಕಂಡಾಗ ಮಾತಿನ ಜೊತೆ ಮಾತ್ರೆಯೂ ಬೇಕಾಗಬಹುದು. ನೀವು ಬರೆದಿರುವುದನ್ನು ನೋಡಿದರೆ ಮನೋವೈದ್ಯರು ಒಮ್ಮೆ ಪರೀಕ್ಷಿಸಲೇಬೇಕು. ಖಿನ್ನತೆಯ ಮಾತ್ರೆಗಳು ಮದ್ಯದಂತೆ ಚಟ ಹಿಡಿಸುವುದಿಲ್ಲ. ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಅಪಾಯವೆಲ್ಲಿ ಎಂದರೆ, ಹದಿಹರೆಯದವರಲ್ಲೂ ಇಪ್ಪತ್ತರ ಆಸುಪಾಸಿನವರಲ್ಲೂ ಮೊದಲ ಕೆಲವು ವಾರ ಚಡಪಡಿಕೆ ಮತ್ತು ಸಾವಿನ ಯೋಚನೆ ಹೆಚ್ಚಬಹುದು, ಆದ್ದರಿಂದ ಆಗ ಅವನ ಮೇಲೆ ನಿಗಾ ಇರಬೇಕು. ಸ್ವಲ್ಪ ವಾಸಿಯಾದೊಡನೆ ಹೇಳದೆ ಕೇಳದೆ ನಿಲ್ಲಿಸಿದರೆ ತೊಂದರೆ ಮರಳುತ್ತದೆ.

ದಾಖಲೆಯ ಭಯದ ಬಗ್ಗೆ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿವರಗಳ ಗೋಪ್ಯತೆಯನ್ನು ವ್ಯಕ್ತಿಯ ಹಕ್ಕೆಂದೇ ಹೇಳುತ್ತದೆ. ಜೀವಕ್ಕೆ ಅಪಾಯವಿದ್ದಾಗ ಅಥವಾ ನ್ಯಾಯಾಲಯದ ಆದೇಶವಿದ್ದಾಗಿನಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ ಆಸ್ಪತ್ರೆಯಾಗಲಿ ಸಮಾಲೋಚಕರಾಗಲಿ ಅದನ್ನು ಕಾಲೇಜಿಗೋ ನೇಮಕಾತಿಯವರಿಗೋ ಕೊಡುವಂತಿಲ್ಲ. ಸೇನೆ, ಪೊಲೀಸ್‌ನಂಥ ಕೆಲವು ಹುದ್ದೆಗಳ ವೈದ್ಯಕೀಯ ಪರೀಕ್ಷೆಯಲ್ಲಿ ಹಿಂದಿನ ಕಾಯಿಲೆಗಳ ಬಗ್ಗೆ ಕೇಳುತ್ತಾರೆ ಎಂಬುದು ನಿಜ. ಆದರೆ ಸರ್ಕಾರಿ ಕೆಲಸಕ್ಕೆ ಪದವಿ ಬೇಕು, ಪದವಿಗೆ ಹಾಜರಾತಿ ಬೇಕು. ಇಂದು ನಿಮ್ಮ ತಮ್ಮನ ಕೆಲಸಕ್ಕೆ ಅಡ್ಡ ನಿಂತಿರುವುದು ಚಿಕಿತ್ಸೆಯಿಲ್ಲದ ಈ ಸ್ಥಿತಿಯೇ.

ಇನ್ನು ಕಾಲೇಜು ಬಿಡಿಸಿ ಕಾರ್ಖಾನೆಗೆ ಸೇರಿಸುವ ವಿಚಾರ. ಇದರಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಈಗಲೇ ಬೇಡ. ಖಿನ್ನತೆಯಲ್ಲಿರುವಾಗ ಬದುಕಿನ ದೊಡ್ಡ ತೀರ್ಮಾನ ಮಾಡಬಾರದು. ರಾತ್ರಿ ಪಾಳಿಯ ಕೆಲಸ ಈಗಾಗಲೇ ಕೆಟ್ಟಿರುವ ನಿದ್ದೆಯನ್ನು ಪೂರ್ತಿ ಕೆಡಿಸುತ್ತದೆ, ಮತ್ತು ‘ಒಂದು ವರ್ಷ’ ಎಂದು ಹೋದ ಹುಡುಗರಲ್ಲಿ ಮರಳಿ ಬಂದವರು ಕಡಿಮೆ ಎಂಬುದನ್ನು ನೀವು ನಿಮ್ಮ ಲೈನಿನಲ್ಲೇ ನೋಡಿರುತ್ತೀರಿ. ಶನಿವಾರ, ಭಾನುವಾರದ ಹಗಲಿನ ಸಣ್ಣ ಕೆಲಸವಾದರೆ, ಸ್ವಲ್ಪ ಚೇತರಿಸಿಕೊಂಡ ಮೇಲೆ, ಅವನ ಕೈಯಲ್ಲಿ ನಾಲ್ಕು ಕಾಸಿದ್ದು ಆತ್ಮವಿಶ್ವಾಸ ಬೆಳೆಯುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ವೈದ್ಯರೇ ವಿಶ್ರಾಂತಿ ಬೇಕೆಂದರೆ ಮಾತ್ರ ಒಂದು ಸೆಮಿಸ್ಟರ್ ಬಿಡುವು ಪಡೆಯಿರಿ. ಹಾಗೆ ಮಾಡುವಾಗ ವೈದ್ಯಕೀಯ ಪ್ರಮಾಣಪತ್ರ ಕೊಟ್ಟು, ಮರುಪ್ರವೇಶ ಯಾವಾಗ, ಹೇಗೆ ಎಂದು ಬರಹದಲ್ಲಿ ಪಡೆದುಕೊಳ್ಳಿ. ಹಾಜರಾತಿ ಈಗಾಗಲೇ ಶೇ 75ಕ್ಕಿಂತ ಕೆಳಗಿರಬಹುದು, ಇನ್ನೂ ಇಳಿಯುವ ಮೊದಲೇ ಲೆಕ್ಚರರ್ ಮೂಲಕ ಪ್ರಾಂಶುಪಾಲರನ್ನು ಕಾಣಿ. ಆ ಲೆಕ್ಚರರ್ ನಿಮ್ಮ ಪರ ಇದ್ದಾರೆ, ಅದು ದೊಡ್ಡ ಆಸರೆ.

ಹಣದ ಕಡೆ ಕೈಗೆಟುಕುವಂಥವು ಕೆಲವಿವೆ. ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ, ಅಂದರೆ ಎಸ್‌ಎಸ್‌ಪಿಯಲ್ಲಿ ಅವನ ಅರ್ಜಿ ಯಾವ ಹಂತದಲ್ಲಿದೆ ನೋಡಿ. ಹಣ ಬಾರದಿರಲು ನಾನು ಮತ್ತೆ ಮತ್ತೆ ಕಂಡ ಕಾರಣ ಒಂದೇ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರುವುದಿಲ್ಲ. ಬ್ಯಾಂಕಿಗೆ ಹೋಗಿ ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಸರ್ಕಾರದ ಹಣ ಆಧಾರ್ ಮೂಲಕ ಈ ಖಾತೆಗೇ ಬರುವಂತೆ ಮಾಡುವ ಜೋಡಣೆ, ಆಗಿದೆಯೇ ಎಂದೇ ಕೇಳಿ. ಹಿಂದುಳಿದ ವರ್ಗದವರಾಗಿದ್ದು ಸರ್ಕಾರಿ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಲ್ಲಿ ಹತ್ತು ತಿಂಗಳ ನೆರವಿದೆ, ಈಗಿನ ಮೊತ್ತವನ್ನೂ ಅರ್ಹತೆಯ ನಿಯಮಗಳನ್ನೂ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ. ಇವುಗಳ ತೊಡಕೆಂದರೆ ಹಣ ತಡವಾಗಿ ಬರುತ್ತದೆ. ಅದನ್ನೇ ನಂಬಿ ಶುಲ್ಕದ ಗಡುವು ಒಪ್ಪಿಕೊಳ್ಳಬೇಡಿ, ಬಾಕಿಯನ್ನು ಮೂರು ನಾಲ್ಕು ಕಂತು ಮಾಡಿಕೊಡಲು ಲಿಖಿತ ಮನವಿ ಕೊಡಿ. ಶುಲ್ಕ ಬಾಕಿಯಿದೆಯೆಂದು ಮೂಲ ಅಂಕಪಟ್ಟಿ, ಪ್ರಮಾಣಪತ್ರಗಳನ್ನು ಕಾಲೇಜು ತಡೆಹಿಡಿಯುವುದಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ಅಧಿಸೂಚನೆಯಲ್ಲಿ ಅವಕಾಶವಿಲ್ಲ ಎಂಬುದೂ ನಿಮಗೆ ತಿಳಿದಿರಲಿ.

ಅಮ್ಮನ ಕಂತಿನ ದಿನ ಮನೆಯಲ್ಲಿ ಏನಾಗುತ್ತದೆ ಎಂದು ನೀವು ಬರೆದಿಲ್ಲ. ಸಂಘದ ಉಳಿದ ಹೆಂಗಸರು ಬಾಗಿಲಲ್ಲಿ ಕುಳಿತಿರುವಾಗ ಒಳಕೋಣೆಯಲ್ಲಿ ಮುಸುಕೆಳೆದು ಮಲಗುವ ಮಕ್ಕಳನ್ನು ನಾನು ಬಲ್ಲೆ. ಸಂಘದ ಸಾಲದಂಥ ಮೈಕ್ರೋಫೈನಾನ್ಸ್ ಸಾಲ ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡುವುದನ್ನು ರಿಸರ್ವ್ ಬ್ಯಾಂಕ್ ನಿಯಮ ಒಪ್ಪುವುದಿಲ್ಲ. ಬೆದರಿಕೆ, ಕಿರುಕುಳಗಳನ್ನು ತಡೆಯಲೆಂದೇ ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂದಿದೆ. ಪೊಲೀಸ್ ಠಾಣೆಯಲ್ಲೂ ಜಿಲ್ಲಾಧಿಕಾರಿ ಕಚೇರಿಯಲ್ಲೂ ದೂರು ಕೊಡಬಹುದು. ಇದರಿಂದ ಸಾಲ ಮನ್ನಾ ಆಗುವುದಿಲ್ಲ, ಕಟ್ಟಬೇಕಾದ್ದು ಕಟ್ಟಲೇಬೇಕು. ಆದರೆ ಬಾಗಿಲಿನ ಆ ಗದ್ದಲ ನಿಂತರೆ ಹುಡುಗನ ನಿದ್ದೆಗೆ ಅದೇ ಅರ್ಧ ಔಷಧ.

ಅಪ್ಪನನ್ನು ಒಪ್ಪಿಸಲು ‘ಮನಸ್ಸಿನ ಡಾಕ್ಟರು’ ಎಂಬ ಮಾತಿನಿಂದ ಆರಂಭಿಸಬೇಡಿ. ‘ಮೂರು ತಿಂಗಳಿಂದ ತಲೆನೋವು, ನಿದ್ದೆಯಿಲ್ಲ, ಒಮ್ಮೆ ತೋರಿಸಿಕೊಂಡು ಬರೋಣ ಅಪ್ಪಾ, ನೀವೂ ಬನ್ನಿ’ ಎನ್ನಿ. ಅದು ಸುಳ್ಳಲ್ಲ, ತೊಂದರೆ ಇರುವುದು ಹಾಗೆಯೇ. ಬಂದರೆ ಅವರನ್ನೂ ಐದು ನಿಮಿಷ ಮಾತನಾಡಿಸಲು ವೈದ್ಯರಿಗೆ ಹೇಳಿ. ಬತ್ತಿದ ಬೋರ್‌ವೆಲ್‌ನ ಮುಂದೆ ನಿಂತ ಮನುಷ್ಯನ ನಿದ್ದೆಯ ಬಗ್ಗೆ ಯಾರೂ ಕೇಳಿರುವುದಿಲ್ಲ.

ತಮ್ಮನಿಗೆ ನೀವು ಹೇಳಬೇಕಾದ ಒಂದು ಮಾತಿದೆ, ಅದನ್ನು ಅಕ್ಕನೇ ಹೇಳಬೇಕು: ಮನೆಯ ಸಾಲ ಒಟ್ಟು ಎಷ್ಟು, ಯಾರಿಗೆ ಎಷ್ಟು, ಅದರಲ್ಲಿ ಅವನ ಓದಿನ ಪಾಲು ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಅವನ ಮುಂದಿಡಿ. ತನ್ನ ಶುಲ್ಕದಿಂದಲೇ ಮನೆ ಮುಳುಗಿತು ಎಂದುಕೊಂಡ ಮಕ್ಕಳು ಆ ಹಾಳೆಯಲ್ಲಿ ತಮ್ಮ ಪಾಲು ಎಷ್ಟು ಚಿಕ್ಕದೆಂದು ಕಂಡು ಬೆರಗಾದದ್ದನ್ನು ನೋಡಿದ್ದೇನೆ.

ಇಡೀ ಪತ್ರದಲ್ಲಿ ನಿಮ್ಮ ಬಗ್ಗೆ ನೀವು ಬರೆದಿರುವುದು ಮೊದಲ ಸಾಲು ಒಂದೇ. ಕಾರ್ಖಾನೆಯ ಸಂಬಳದಲ್ಲಿ ಎಷ್ಟು ಮನೆಗೆ ಕಳಿಸುತ್ತೀರಿ, ಎಷ್ಟು ಹೊತ್ತು ಮಲಗುತ್ತೀರಿ, ಇದನ್ನೆಲ್ಲ ಯಾರ ಹತ್ತಿರ ಹೇಳಿಕೊಳ್ಳುತ್ತೀರಿ ಎಂಬುದು ಅದರಲ್ಲಿಲ್ಲ. 14416 ಸಂಖ್ಯೆ ತಮ್ಮನಿಗೆ ಮಾತ್ರ ಅಲ್ಲ. ಎರಡನೇ ಪಾಳಿ ಮುಗಿಸಿ ನೀವು ರೂಮಿಗೆ ಬಂದ ಹೊತ್ತಿನಲ್ಲೂ ಅಲ್ಲಿ ಫೋನ್ ಎತ್ತುತ್ತಾರೆ.